ಸೊಂಟಕ್ಕೋ, ಕೈಗೋ?

“ಸೊಂಟಕ್ಕೋ, ಕೈಗೋ?”

ಸೂಜಿ ಹಾಕಿಸಿಕೊಳ್ಳಲು ಹೋದವರು ಸಿಸ್ಟರ್ ಬಾಯಿಂದ ಕೇಳುವ, ಇಲ್ಲವೇ ತಾವೇ ಅಳುಕುತ್ತ ಕೇಳುವ ಪ್ರಶ್ನೆ ಇದು. ‘ಸೊಂಟಕ್ಕೆ’ ಎಂದಾಕ್ಷಣ ಪರದೆ ಎಳೆಯುತ್ತಾರೆ, ಮಂಚದ ಮೇಲೆ ಬೋರಲು ಮಲಗಿಸುತ್ತಾರೆ. ಸೂಜಿ ಹೋಗುವುದು ಮಾತ್ರ ಸೊಂಟಕ್ಕಲ್ಲ, ಪಿರ್ರೆಗೆ. ಪಿರ್ರೆ ಎನ್ನಲು ಸಂಕೋಚಪಟ್ಟು ನಾವೆಲ್ಲ ಸೊಂಟ ಎನ್ನುತ್ತೇವೆ. ಮೂವತ್ತು ವರ್ಷ ನರ್ಸಿಂಗ್ ವಿದ್ಯಾರ್ಥಿಗಳಿಗೆ ಇಂಜೆಕ್ಷನ್ ಕಲಿಸಿದ ಮೇಲೆ ನನಗೆ ಅನ್ನಿಸುವುದಿಷ್ಟು: ಸಂಕೋಚಕ್ಕೆ ಹುಟ್ಟಿದ ಆ ಮಾತನ್ನು ನಾವು ಅಕ್ಷರಶಃ ಪಾಲಿಸಿದ್ದರೆ ಎಷ್ಟೋ ಕಾಲುಗಳು ಉಳಿಯುತ್ತಿದ್ದವು. ಏಕೆಂದರೆ ದೊಡ್ಡವರಿಗೆ ಸ್ನಾಯುವಿನೊಳಕ್ಕೆ ಕೊಡುವ ಚುಚ್ಚುಮದ್ದಿಗೆ ಅತ್ಯಂತ ಸುರಕ್ಷಿತವಾದ ಜಾಗ ನಿಜವಾಗಿಯೂ ಸೊಂಟದ ಪಕ್ಕದಲ್ಲೇ ಇದೆ.

ಈಗಷ್ಟೇ ವಾರ್ಡಿಗೆ ಕಾಲಿಟ್ಟಿರುವ ನರ್ಸಿಂಗ್ ವಿದ್ಯಾರ್ಥಿಗಳನ್ನೂ, ಸೂಜಿ ಹಾಕಿಸಿಕೊಳ್ಳುವ ಮತ್ತು ಮನೆಯವರಿಗೆ ಹಾಕಿಸುವ ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಓದಿದ ಮಾತ್ರಕ್ಕೆ ಯಾರೂ ಸಿರಿಂಜ್ ಕೈಗೆತ್ತಿಕೊಳ್ಳಬಾರದು. ವೈದ್ಯರು ಬರೆದುಕೊಟ್ಟ ಔಷಧವನ್ನು, ನರ್ಸ್ ಎದುರಿಗೆ ನಿಂತು ಕಲಿಸಿ, ನಿಮ್ಮ ಕೈಯಲ್ಲೇ ಮಾಡಿಸಿ ನೋಡಿದ ಮೇಲಷ್ಟೇ ಮನೆಯಲ್ಲಿ ಕೊಡುವ ಮಾತು. ಆದರೆ ಸರಿಯಾದ ಕ್ರಮ ಹೇಗಿರುತ್ತದೆಂದು ಗೊತ್ತಿದ್ದರೆ, ತಪ್ಪು ನಡೆಯುವ ಮೊದಲೇ “ಸ್ವಲ್ಪ ನಿಲ್ಲಿ” ಎನ್ನುವ ಧೈರ್ಯ ಬರುತ್ತದೆ.

ಚರ್ಮದ ಕೆಳಗೆ ಕೊಬ್ಬು, ಕೊಬ್ಬಿನ ಕೆಳಗೆ ಸ್ನಾಯು. ಕೊಬ್ಬಿನಲ್ಲಿ ರಕ್ತನಾಳಗಳು ಕಡಿಮೆ, ಸ್ನಾಯುವಿನಲ್ಲಿ ಧಾರಾಳ. ಆದ್ದರಿಂದ ನಿಧಾನವಾಗಿ ಇಳಿಯಬೇಕಾದ ಇನ್ಸುಲಿನ್ ಕೊಬ್ಬಿಗೆ. ಬೇಗ ರಕ್ತ ಸೇರಬೇಕಾದ, ಪ್ರಮಾಣ ಹೆಚ್ಚಿರುವ, ಕೊಬ್ಬಿನಲ್ಲಿ ನಿಂತರೆ ಉರಿಯೂತ ಎಬ್ಬಿಸುವ ಔಷಧಗಳು ಸ್ನಾಯುವಿಗೆ. ಅಲ್ಯೂಮಿನಿಯಂ ಲವಣ ಬೆರೆಸಿದ ಲಸಿಕೆಗಳು ಕೊಬ್ಬಿನಲ್ಲೇ ಉಳಿದರೆ ಗಂಟು ಕಟ್ಟುತ್ತವೆ, ವಾರಗಟ್ಟಲೆ ನೋಯುತ್ತವೆ. ಸೂಜಿ ಎಷ್ಟು ಆಳ ಹೋಯಿತು, ಎಲ್ಲಿ ನಿಂತಿತು ಎನ್ನುವುದೇ ಇಲ್ಲಿನ ವಿದ್ಯೆ. ಚುಚ್ಚುವುದು ಒಂದು ಕ್ಷಣದ ಕೆಲಸ.

ಪಿರ್ರೆಯ ಒಳಗೆ ಏನಿದೆ

ಒಬ್ಬ ಹುಡುಗನನ್ನು ನಾನು ಮರೆಯಲಾರೆ. ಎಂಟು ವರ್ಷ ಇರಬಹುದು. ಜ್ವರಕ್ಕೆಂದು ಊರಿನ ಯಾವುದೋ ಕ್ಲಿನಿಕ್ಕಿನಲ್ಲಿ ಪಿರ್ರೆಗೆ ಸೂಜಿ ಹಾಕಿದ್ದರು. ಚುಚ್ಚಿದ ಕೂಡಲೇ ಮಂಡಿಯ ಕೆಳಗಿನವರೆಗೂ ಕರೆಂಟ್ ಹೊಡೆದಂತೆ ಆಯಿತೆಂದು ಕಿರುಚಿದ್ದನಂತೆ. “ಹಟ ಮಾಡ್ತಾನೆ” ಎಂದು ಒತ್ತಿ ಹಿಡಿದು ಪೂರ್ತಿ ಔಷಧ ಹಾಕಿದರು. ಜ್ವರ ಮೂರು ದಿನಕ್ಕೆ ಇಳಿಯಿತು. ಪಾದ ಮಾತ್ರ ಜೋತುಬಿತ್ತು. ನಡೆಯುವಾಗ ಬಲಗಾಲಿನ ಚಪ್ಪಲಿ ಜಾರಿ ಹಿಂದೆ ಉಳಿದುಬಿಡುತ್ತಿತ್ತು. ಅವನ ತಾಯಿ ಅದನ್ನು ಎತ್ತಿಕೊಂಡು ಅವನ ಹಿಂದೆ ಬರುತ್ತಿದ್ದರು.

ಪಿರ್ರೆಯ ನಡುವಿನಿಂದ ಕೆಳಕ್ಕೆ ಸಯಾಟಿಕ್ ನರ ಇಳಿಯುತ್ತದೆ. ದೇಹದಲ್ಲೇ ಅತ್ಯಂತ ದಪ್ಪನೆಯ ನರ, ಹೆಬ್ಬೆರಳಿನಷ್ಟು ಅಗಲ. ಪಾದವನ್ನು ಮೇಲೆತ್ತುವ ಶಕ್ತಿ ಬರುವುದು ಅದರ ಕವಲಿನಿಂದ. ಸೂಜಿ ತಾಗಿದರಷ್ಟೇ ಅಲ್ಲ, ಔಷಧ ಅದರ ಅಕ್ಕಪಕ್ಕ ಸುರಿದರೂ ನರ ಹಾಳಾಗುತ್ತದೆ. ಪೋಲಿಯೊ ಪತ್ತೆಗಾಗಿ ನಮ್ಮ ದೇಶದಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳ ದಿಢೀರ್ ಲಕ್ವ ಪ್ರಕರಣಗಳನ್ನೆಲ್ಲ ಪರೀಕ್ಷಿಸುತ್ತಾರೆ. ಆ ಪರೀಕ್ಷೆಯಲ್ಲಿ ವೈದ್ಯರು ಹುಡುಕುವ ಕಾರಣಗಳಲ್ಲಿ ಇಂಜೆಕ್ಷನ್ನಿನಿಂದಾದ ನರದ ಪೆಟ್ಟು ಕೂಡ ಒಂದು. ಪೋಲಿಯೊ ವೈರಸ್ ಮೈಯಲ್ಲಿದ್ದ ಮಗುವಿಗೆ ಸ್ನಾಯುವಿನೊಳಕ್ಕೆ ಸೂಜಿ ಹಾಕಿದರೆ ಅದೇ ಕಾಲಿಗೆ ಲಕ್ವ ಹೊಡೆಯುವ ಸಾಧ್ಯತೆ ಹೆಚ್ಚುತ್ತಿತ್ತೆಂಬುದೂ ವೈದ್ಯಲೋಕಕ್ಕೆ ಹಳೆಯ ತಿಳಿವಳಿಕೆ.

“ಪಿರ್ರೆಯನ್ನು ನಾಲ್ಕು ಭಾಗ ಮಾಡಿ, ಮೇಲಿನ ಹೊರಭಾಗಕ್ಕೆ ಚುಚ್ಚಿ” ಎಂದು ನಮಗೆಲ್ಲ ಕಲಿಸಿದ್ದರು. ಪಾಠ ತಪ್ಪಲ್ಲ. ಆದರೆ ಆ ನಾಲ್ಕು ಭಾಗ ಆಗಬೇಕಾದದ್ದು ಮೇಲೆ ಸೊಂಟದ ಮೂಳೆಯ ಅಂಚಿನಿಂದ ಕೆಳಗೆ ಪಿರ್ರೆಯ ಮಡಿಕೆಯವರೆಗೆ. ನಿಜದಲ್ಲಿ ಏನಾಗುತ್ತದೆ? ಸೀರೆ, ಪಂಚೆ, ಪ್ಯಾಂಟನ್ನು ನಾಲ್ಕು ಬೆರಳಷ್ಟು ಜಾರಿಸುತ್ತಾರೆ. ಕಾಣುವ ತುಣುಕನ್ನೇ ಇಡೀ ಪಿರ್ರೆ ಎಂದುಕೊಂಡು ಕಣ್ಣಂದಾಜಿನಲ್ಲಿ ಭಾಗ ಮಾಡುತ್ತಾರೆ. ಸೂಜಿ ಸ್ವಲ್ಪ ಒಳಕ್ಕೆ ಸರಿದರೂ ನರ, ದೊಡ್ಡ ರಕ್ತನಾಳ ಎರಡೂ ದಾರಿಯಲ್ಲಿವೆ. ಇನ್ನೊಂದು ತೊಡಕು ಕೊಬ್ಬಿನದು. ಪಿರ್ರೆಯ ಮೇಲಿನ ಕೊಬ್ಬಿನ ಪದರ ದಪ್ಪ, ಹೆಂಗಸರಲ್ಲಿ ಇನ್ನೂ ದಪ್ಪ. ಮೆಡಿಕಲ್ ಅಂಗಡಿಯಲ್ಲಿ 2 ಮಿ.ಲೀ. ಸಿರಿಂಜ್ ಜೊತೆ ಸಾಮಾನ್ಯವಾಗಿ ಬರುವ 1 ಇಂಚಿನ ಸೂಜಿ ಅಲ್ಲಿ ಎಷ್ಟೋ ಸಲ ಸ್ನಾಯುವನ್ನು ಮುಟ್ಟುವುದೇ ಇಲ್ಲ. ಸ್ನಾಯುವಿಗೆಂದು ಕೊಟ್ಟ ಔಷಧ ಕೊಬ್ಬಿನಲ್ಲಿ ಕೂತು, ಗಂಟಾಗಿ, ಕೆಲವೊಮ್ಮೆ ಕೀವಾಗುತ್ತದೆ.

ಸೊಂಟದ ಪಕ್ಕ: ಮೂರು ಮೂಳೆಯ ಗುರುತು

ಸರಿಯಾದ ಜಾಗಕ್ಕೆ ಬರೋಣ. ವೈದ್ಯಕೀಯ ಪುಸ್ತಕಗಳು ಇದನ್ನು ವೆಂಟ್ರೊಗ್ಲೂಟಿಯಲ್ ಎನ್ನುತ್ತವೆ. ನಾನು ವಿದ್ಯಾರ್ಥಿಗಳಿಗೆ ‘ಸೊಂಟದ ಪಕ್ಕ’ ಎಂದೇ ಹೇಳಿಕೊಡುತ್ತಿದ್ದೆ. ಇಲ್ಲಿ ದಪ್ಪ ಸ್ನಾಯು ಉಂಟು, ಅದರ ಮೇಲೆ ಕೊಬ್ಬು ತೆಳು, ದೊಡ್ಡ ನರವಾಗಲಿ ದೊಡ್ಡ ರಕ್ತನಾಳವಾಗಲಿ ಹತ್ತಿರ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಜಾಗವನ್ನು ಅಂದಾಜಿನಲ್ಲಿ ಹುಡುಕಬೇಕಿಲ್ಲ. ಮೂಳೆಗಳೇ ತೋರಿಸುತ್ತವೆ.

ಓದುತ್ತಲೇ ನಿಮ್ಮ ಮೈಮೇಲೆ ಮುಟ್ಟಿ ನೋಡಿಕೊಳ್ಳಿ. ಮಗುವನ್ನು ಎತ್ತಿಕೊಂಡಾಗ, ನೀರಿನ ಬಿಂದಿಗೆ ಇಟ್ಟುಕೊಂಡಾಗ ಭಾರ ಹೊರುವ ಸೊಂಟದ ಮೂಳೆಯ ಅಂಚು ಮೊದಲನೆಯ ಗುರುತು. ಅದೇ ಅಂಚಿನಲ್ಲಿ ಬೆರಳಾಡಿಸುತ್ತ ಮುಂದಕ್ಕೆ ಹೊಟ್ಟೆಯ ಕಡೆ ಬಂದರೆ ಒಂದು ಮೊನೆ ಸಿಗುತ್ತದೆ, ಅದು ಎರಡನೆಯದು. ಪಕ್ಕಕ್ಕೆ ಮಲಗಿದಾಗ ಹಾಸಿಗೆಗೆ ಒತ್ತುವ, ತೊಡೆಯ ಮೇಲ್ತುದಿಯ ಉಬ್ಬಿದ ಮೂಳೆ ಮೂರನೆಯದು.

ಈಗ ಕೊಡುವವರ ಕೈ. ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಕಾಲನ್ನು ಮಡಿಸಲು ಹೇಳಿ. ಬಲಸೊಂಟಕ್ಕೆ ಎಡಗೈ, ಎಡಸೊಂಟಕ್ಕೆ ಬಲಗೈ. ಅಂಗೈಯ ಬುಡವನ್ನು ತೊಡೆಯ ಆ ಉಬ್ಬಿದ ಮೂಳೆಯ ಮೇಲೆ ಇಡಿ. ಹೆಬ್ಬೆರಳು ತೊಡೆಸಂದಿಯ ಕಡೆ, ಉಳಿದ ಬೆರಳುಗಳು ರೋಗಿಯ ತಲೆಯ ಕಡೆ ಇರಲಿ. ತೋರುಬೆರಳನ್ನು ಮುಂದಿನ ಮೊನೆಯ ಮೇಲಿಟ್ಟು, ನಡುಬೆರಳನ್ನು ಹಿಂದಕ್ಕೆ ಅಗಲಿಸಿ ಸೊಂಟದ ಅಂಚಿಗೆ ಚಾಚಿ. ಎರಡು ಬೆರಳುಗಳ ನಡುವೆ ಕವಲೊಡೆದ ಕೊಂಬೆಯಂಥ ಒಂದು ಮೂಲೆ ಉಳಿಯುತ್ತದೆ. ಅದರ ನಟ್ಟನಡುವೆ ಸೂಜಿ. ಜಾಗ ಗುರುತಿಸಿಕೊಂಡ ಮೇಲೆ ಬೆರಳುಗಳನ್ನು ಇನ್ನಷ್ಟು ಅಗಲಿಸಿ, ಇಲ್ಲವೇ ತೆಗೆದುಬಿಡಿ. ಹೊಸಬರು ತಮ್ಮ ಬೆರಳಿಗೇ ಚುಚ್ಚಿಕೊಳ್ಳುವುದುಂಟು.

ಹಿರಿಯ ಸಿಸ್ಟರ್‌ಗಳಿಗೆ ಇದನ್ನು ಹೇಳಿದಾಗ ಬರುತ್ತಿದ್ದ ಉತ್ತರ ಒಂದೇ: “ಇಷ್ಟು ವರ್ಷ ಪಿರ್ರೆಗೇ ಕೊಟ್ಟಿದ್ದೀವಿ ಮೇಡಂ, ಏನೂ ಆಗಿಲ್ಲ.” ಅವರ ಅನುಭವವನ್ನು ನಾನು ಗೌರವಿಸುತ್ತೇನೆ. ಆದರೆ ಪಾದ ಜೋತುಬಿದ್ದವರು ಸೂಜಿ ಹಾಕಿದವರ ಬಳಿ ಮರಳಿ ಬರುವುದು ಅಪರೂಪ. ಅವರು ಮೂಳೆ ವೈದ್ಯರ ಬಳಿಗೆ, ನರ ವೈದ್ಯರ ಬಳಿಗೆ, ನಾಟಿ ವೈದ್ಯರ ಬಳಿಗೆ ಹೋಗಿಬಿಡುತ್ತಾರೆ. ಸೊಂಟದ ಪಕ್ಕಕ್ಕೆ ಕೊಡುವುದರಲ್ಲಿ ಇನ್ನೊಂದು ಒಳ್ಳೆಯದಿದೆ. ರೋಗಿ ಬೋರಲು ಮಲಗಿ ಹಿಂಭಾಗ ತೆರೆದಿಡಬೇಕಿಲ್ಲ. ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ.

ರಟ್ಟೆ ಮತ್ತು ತೊಡೆ

ರಟ್ಟೆ ಸಣ್ಣ ಪ್ರಮಾಣಕ್ಕೆ. 1 ಮಿ.ಲೀ.ವರೆಗೆ ಸರಿ, ಅದಕ್ಕಿಂತ ಹೆಚ್ಚಿದ್ದರೆ ಬೇರೆ ಜಾಗ ನೋಡುವುದೇ ಮೇಲು. ಭುಜದ ತುದಿಯ ಮೂಳೆಯನ್ನು ಮುಟ್ಟಿ, ಅಲ್ಲಿಂದ ಎರಡು ಮೂರು ಬೆರಳಿನಷ್ಟು ಕೆಳಗೆ, ಸ್ನಾಯು ದಪ್ಪಗಿರುವ ನಡುಭಾಗ. ಮೇಲಾದರೆ ಭುಜದ ಕೀಲಿನೊಳಕ್ಕೆ ಹೋಗಿ ತಿಂಗಳುಗಟ್ಟಲೆ ಕೈ ಎತ್ತಲಾಗದ ನೋವು. ಕೆಳಗಾದರೆ ಮಣಿಕಟ್ಟನ್ನು ಎತ್ತಿಹಿಡಿಯುವ ನರ. ನಮ್ಮ ಹೆಣ್ಣುಮಕ್ಕಳ ಕುಪ್ಪಸದ ತೋಳು ಬಿಗಿ. ಅದನ್ನು ಬಲವಂತವಾಗಿ ಮೇಲೆ ಸರಿಸಿ ಉಳಿದ ಜಾಗಕ್ಕೆ ಚುಚ್ಚುವುದು, ಇಲ್ಲವೇ ಕುತ್ತಿಗೆಯ ಕಡೆಯಿಂದ ಜಾರಿಸಿ ಭುಜದ ತುದಿಗೇ ಚುಚ್ಚುವುದು, ಎರಡನ್ನೂ ಲಸಿಕಾ ಶಿಬಿರಗಳಲ್ಲಿ ನೋಡಿದ್ದೇನೆ. ಲಸಿಕೆಗೆ ಹೋಗುವ ದಿನ ಸಡಿಲ ತೋಳಿನ ಬಟ್ಟೆ ಹಾಕಿಕೊಳ್ಳಿ. ಕೈಯನ್ನು ಸೊಂಟದ ಮೇಲಿಟ್ಟುಕೊಂಡರೆ ರಟ್ಟೆ ಸಡಿಲವಾಗುತ್ತದೆ.

ಹಸುಗೂಸುಗಳಿಗೆ ತೊಡೆಯೇ ಜಾಗ. ಮಗು ನಡೆಯಲು ಕಲಿತು ಓಡಾಡುವವರೆಗೆ ಪಿರ್ರೆಯ ಸ್ನಾಯು ಸಾಕಷ್ಟು ಬೆಳೆದಿರುವುದಿಲ್ಲ. ಅಲ್ಲಿ ಹೆಚ್ಚಾಗಿ ಇರುವುದು ನರ ಮತ್ತು ಕೊಬ್ಬು. ತೊಡೆಯ ಹೊರಮಗ್ಗುಲಲ್ಲಿ, ಸೊಂಟದ ಕೀಲಿಗೂ ಮಂಡಿಗೂ ನಡುವಿನ ಮೂರನೇ ಒಂದು ಭಾಗ ಗುರುತಿಸಬೇಕು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 6, 10, 14ನೇ ವಾರದ ಪೆಂಟಾವೇಲೆಂಟ್ ಲಸಿಕೆಯನ್ನು ಎಡತೊಡೆಗೆ, ನ್ಯುಮೊಕಾಕಲ್ ಲಸಿಕೆಯನ್ನು ಬಲತೊಡೆಗೆ ಕೊಡುವುದು ಈ ಕಾರಣಕ್ಕೇ. ಯಾವ ತೊಡೆಗೆ ಯಾವುದು ಎಂದು ನಿಗದಿಯಾಗಿದ್ದರೆ, ಊತ ಬಂದಾಗ ಯಾವ ಲಸಿಕೆಯಿಂದ ಎಂಬುದು ಗೊಂದಲವಿಲ್ಲದೆ ತಿಳಿಯುತ್ತದೆ. ಮಗುವನ್ನು ತಾಯಿ ತೊಡೆಯ ಮೇಲೆ ಕೂರಿಸಿಕೊಂಡು ಅಪ್ಪಿ ಹಿಡಿಯಲಿ. ಎದೆಹಾಲು ಕುಡಿಸುತ್ತಿರುವಾಗಲೇ ಸೂಜಿ ಹಾಕಿಸಿದರೆ ಅಳು ಎಷ್ಟೋ ಕಡಿಮೆ. ಇನ್ನು “ಊಟ ಮಾಡದಿದ್ರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಸೂಜಿ ಹಾಕಿಸ್ತೀನಿ” ಎಂದು ಮಕ್ಕಳನ್ನು ಹೆದರಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಹೆದರಿ ಬಿಗಿ ಹಿಡಿದ ಸ್ನಾಯುವಿಗೆ ಚುಚ್ಚಿದರೆ ನೋವು ಇಮ್ಮಡಿ.

ನಾಯಿ ಕಚ್ಚಿದವರಿಗೊಂದು ಮಾತು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಅದು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ಕಾಲದ್ದು. 2000ರ ದಶಕದ ಮಧ್ಯದಲ್ಲೇ ದೇಶದಲ್ಲಿ ಅದರ ಬಳಕೆ ನಿಂತಿದೆ. ಈಗಿನ ಲಸಿಕೆಯನ್ನು ಸ್ನಾಯುವಿಗಾದರೆ 0, 3, 7, 14, 28ನೇ ದಿನ ಕೊಡುತ್ತಾರೆ. ಚರ್ಮದ ಪದರಕ್ಕಾದರೆ 0, 3, 7, 28ನೇ ದಿನ. ದೊಡ್ಡವರಿಗೆ ರಟ್ಟೆ, ಪುಟ್ಟ ಮಕ್ಕಳಿಗೆ ತೊಡೆ. ಪಿರ್ರೆಗೆ ಮಾತ್ರ ಎಂದೂ ಹಾಕಿಸಿಕೊಳ್ಳಬಾರದು. ಅಲ್ಲಿನ ಕೊಬ್ಬಿನಲ್ಲಿ ಲಸಿಕೆ ಉಳಿದು ಬೇಕಾದಷ್ಟು ರಕ್ಷಣೆ ಹುಟ್ಟುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆಗೂ ಇದೇ ನಿಯಮ. ರೇಬೀಸ್‌ನಲ್ಲಿ ಈ ತಪ್ಪಿನ ಬೆಲೆ ಜೀವ.

ಸಿರಿಂಜ್ ಮುಟ್ಟುವ ಮೊದಲು

ನಿಜವಾಗಿ ಸೂಜಿ ಬೇಕೆ? ಈ ಪ್ರಶ್ನೆ ಮೊದಲೇ ಬರಬೇಕಿತ್ತು. “ಒಂದು ಸೂಜಿ ಹಾಕಿಬಿಡಿ, ನಾಳೆ ಕೆಲಸಕ್ಕೆ ಹೋಗ್ಬೇಕು” ಎಂದು ವೈದ್ಯರನ್ನು ಒತ್ತಾಯಿಸುವವರು ನಾವೇ. ಮಾತ್ರೆ ನುಂಗಿ ಅರಗಿಸಿಕೊಳ್ಳಬಲ್ಲವರಿಗೆ ಸಾಮಾನ್ಯ ಜ್ವರ, ಮೈಕೈ ನೋವಿಗೆ ಮಾತ್ರೆ ಸಾಕು. ಡೆಂಗಿ ಇರಬಹುದೆಂಬ ಅನುಮಾನವಿದ್ದರಂತೂ ಸ್ನಾಯುವಿಗೆ ಸೂಜಿ ಕೂಡದು. ಪ್ಲೇಟ್‌ಲೆಟ್ ಇಳಿದಾಗ ಚುಚ್ಚಿದ ಜಾಗದ ಒಳಗೇ ರಕ್ತ ಸುರಿದು ಹೆಪ್ಪುಗಟ್ಟುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹಿಮೋಫಿಲಿಯಾ ಇರುವವರು ಬಾಗಿಲಲ್ಲೇ ಅದನ್ನು ಹೇಳಬೇಕು. ಹಿಂದೆ ಯಾವ ಔಷಧಕ್ಕಾದರೂ ಮೈಯೆಲ್ಲ ದದ್ದು ಎದ್ದಿದ್ದರೆ ಅದನ್ನೂ.

ಬಾಟಲಿಯ ಚೀಟಿಯನ್ನು ಮೂರು ಸಲ ಓದಬೇಕು: ಕಪಾಟಿನಿಂದ ತೆಗೆಯುವಾಗ, ಸಿರಿಂಜಿಗೆ ಎಳೆಯುವಾಗ, ಬಾಟಲಿಯನ್ನು ಪಕ್ಕಕ್ಕಿಡುವಾಗ. ಹೆಸರು, ಪ್ರಮಾಣ, ಅವಧಿ, ಮತ್ತು ಇದು ಸ್ನಾಯುವಿಗೋ ರಕ್ತನಾಳಕ್ಕೋ ಎಂಬುದು. ಗರ್ಭಿಣಿಯರ ರಕ್ತಹೀನತೆಗೆ ಕೊಡುವ ಐರನ್ ಸುಕ್ರೋಸ್ ರಕ್ತನಾಳಕ್ಕೆ ಮಾತ್ರ, ಸ್ನಾಯುವಿಗಲ್ಲ. ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟವರು 21 ದಿನಕ್ಕೊಮ್ಮೆ ಹಾಕಿಸಿಕೊಳ್ಳುವ 12 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಇದಕ್ಕೆ ತದ್ವಿರುದ್ಧ. ಅದು ಸ್ನಾಯುವಿಗೆ ಮಾತ್ರ; ರಕ್ತನಾಳಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಎರಡು ಔಷಧಗಳನ್ನು ಒಂದೇ ಸಿರಿಂಜಿನಲ್ಲಿ ಬೆರೆಸಿ “ಒಂದೇ ಸೂಜಿಗೆ ಮುಗಿಸೋಣ” ಎನ್ನುವುದನ್ನು, ಅವು ಹೊಂದುತ್ತವೆಂದು ಖಚಿತವಿಲ್ಲದೆ, ಒಪ್ಪಬೇಡಿ.

ಕೈ ತೊಳೆಯುವುದು ಸೋಪು, ಹರಿಯುವ ನೀರಿನಲ್ಲಿ. ಸೂಜಿಯ ಬುಡದ ಬಣ್ಣ ಅದರ ದಪ್ಪ ಹೇಳುತ್ತದೆ: ಹಸಿರು 21, ಕಪ್ಪು 22, ನೀಲಿ 23, ನೇರಳೆ 24, ಕಿತ್ತಳೆ 25. ಸಂಖ್ಯೆ ಏರಿದಂತೆ ಸೂಜಿ ಸಣ್ಣ. ನೀರಿನಂಥ ಔಷಧಕ್ಕೆ ನೀಲಿ, ನೇರಳೆ ಸಾಕು. ಎಣ್ಣೆಯಂಥ ಅಥವಾ ಪೆನಿಸಿಲಿನ್ನಿನಂತೆ ಮಂದವಾದ ಔಷಧಕ್ಕೆ ಹಸಿರು ಬೇಕು. ಸಣ್ಣ ಸೂಜಿ ಮಧ್ಯದಲ್ಲೇ ಕಟ್ಟಿಕೊಳ್ಳುತ್ತದೆ, ಮತ್ತೊಮ್ಮೆ ಚುಚ್ಚಬೇಕಾಗುತ್ತದೆ. ಸೂಜಿಯ ಉದ್ದ: ರಟ್ಟೆಗೆ 1 ಇಂಚು, ಮೈ ತುಂಬಿದವರ ಸೊಂಟದ ಪಕ್ಕಕ್ಕೆ ಒಂದೂವರೆ. ಪುಡಿ ಔಷಧಕ್ಕೆ ಅದರ ಜೊತೆ ಬಂದ ದ್ರವವನ್ನೇ ಹಾಕಿ, ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸಿ. ಗಾಜಿನ ಆಂಪೂಲ್ ಒಡೆಯುವಾಗ ಕುತ್ತಿಗೆಗೆ ಗಾಸ್ ಸುತ್ತಿ, ಮುಖದಿಂದ ಆಚೆಗೆ ಮುರಿಯಿರಿ. ಔಷಧ ಎಳೆದ ಮೇಲೆ ಸೂಜಿ ಬದಲಿಸುವುದು ಒಳ್ಳೆಯದು. ಮೊಂಡಾಗಿರುವುದಿಲ್ಲ, ಹೊರಮೈಗೆ ಔಷಧ ಅಂಟಿರುವುದಿಲ್ಲ, ನೋವು ಕಡಿಮೆ.

ಸಿರಿಂಜಿನಲ್ಲಿ ಒಂದು ಪುಟ್ಟ ಗಾಳಿಗುಳ್ಳೆ ಕಂಡರೆ ಜನ ಬೆಚ್ಚುತ್ತಾರೆ. ಸ್ನಾಯುವಿಗೆ ಹೋದ ಆ ಗುಳ್ಳೆಯಿಂದ ಜೀವಕ್ಕೆ ಅಪಾಯವಿಲ್ಲ. ಗಾಳಿ ಹೊರಹಾಕುವುದು ಔಷಧದ ಪ್ರಮಾಣ ಸರಿಯಾಗಿರಲೆಂದು.

ಕ್ಲಿನಿಕ್ಕಿನ ಮೇಜಿನ ಮೇಲಿನ ಸ್ಪಿರಿಟ್ ಹತ್ತಿಯ ಡಬ್ಬಿ ನೆನಪಿದೆಯೆ? ಬೆಳಿಗ್ಗೆ ನೆನೆಸಿಟ್ಟ ಹತ್ತಿಯುಂಡೆಗಳನ್ನು ಸಂಜೆಯವರೆಗೂ ಬೆರಳು ಅದ್ದಿ ತೆಗೆಯುತ್ತಾರೆ. ಅದು ಬೇಡ; ಕೈಯ ಕೊಳೆಯೆಲ್ಲ ಅದರೊಳಗೆ ಸೇರುತ್ತದೆ. ಬೇಕಾದಾಗ ಹೊಸ ಹತ್ತಿಗೆ ಸ್ಪಿರಿಟ್ ಹಾಕಿ, ನಡುವಿನಿಂದ ಹೊರಕ್ಕೆ ಸುತ್ತುತ್ತ ಒರೆಸಿ, ಅರ್ಧ ನಿಮಿಷ ಒಣಗಲು ಬಿಡಿ. ಬೇಗ ಆರಲೆಂದು ಬಾಯಿಂದ ಊದಬಾರದು. ಒದ್ದೆಯಿರುವಾಗಲೇ ಚುಚ್ಚಿದರೆ ಉರಿ, ಜೊತೆಗೆ ಕ್ರಿಮಿಗಳೂ ಸತ್ತಿರುವುದಿಲ್ಲ. ಲಸಿಕೆಗಾದರೆ ಸ್ಪಿರಿಟ್ ಬೇಕೆಂದಿಲ್ಲ, ಚರ್ಮ ಶುಭ್ರವಾಗಿದ್ದರೆ ಸಾಕು.

ಚುಚ್ಚುವುದು

ಬೇಗ ಒಳಗೆ, ನಿಧಾನ ಔಷಧ, ಬೇಗ ಹೊರಗೆ.

ಒಂದು ಕೈಯಲ್ಲಿ ಚರ್ಮವನ್ನು ಬೆರಳೆರಡರಷ್ಟು ಪಕ್ಕಕ್ಕೆ ಎಳೆದು ಹಿಡಿಯಿರಿ. ಇನ್ನೊಂದು ಕೈಯಲ್ಲಿ ಸಿರಿಂಜನ್ನು ಪೆನ್ನಿನಂತೆ ಹಿಡಿದು, ಚರ್ಮಕ್ಕೆ ನೆಟ್ಟಗೆ, 90 ಡಿಗ್ರಿಯಲ್ಲಿ, ಒಂದೇ ಚುರುಕಿನಲ್ಲಿ ಒಳಗಿಳಿಸಿ. ಅಳುಕಿ ಅಳುಕಿ ತಳ್ಳಿದರೆ ನೋವು ಹೆಚ್ಚು. ಬಹಳ ಬಡಕಲಾದ ವೃದ್ಧರಿಗೆ, ಮಕ್ಕಳಿಗೆ ಮಾತ್ರ ಚರ್ಮ ಎಳೆಯುವ ಬದಲು ಸ್ನಾಯುವನ್ನು ಮೆತ್ತಗೆ ಒಟ್ಟುಗೂಡಿಸಿ ಹಿಡಿಯಬೇಕು, ಸೂಜಿ ಮೂಳೆಗೆ ತಾಗದಂತೆ.

ರಕ್ತ ಬರುತ್ತದೆಯೇ ಎಂದು ಪಿಸ್ಟನ್ ಹಿಂದಕ್ಕೆಳೆದು ನೋಡಬೇಕೆ? ರಟ್ಟೆಗೆ, ತೊಡೆಗೆ ಲಸಿಕೆ ಕೊಡುವಾಗ ಬೇಡ. ಅಲ್ಲಿ ದೊಡ್ಡ ರಕ್ತನಾಳಗಳಿಲ್ಲ, ಎಳೆದು ನೋಡುವಷ್ಟೂ ಹೊತ್ತು ಮಗುವಿಗೆ ನೋವು. ಪೆನಿಸಿಲಿನ್ನಿನಂಥ, ಎಣ್ಣೆಯಂಥ ಔಷಧಗಳಿಗೆ ಮತ್ತು ಅನಿವಾರ್ಯವಾಗಿ ಪಿರ್ರೆಗೇ ಕೊಡಬೇಕಾದಾಗ ಐದರಿಂದ ಹತ್ತು ಸೆಕೆಂಡ್ ಎಳೆದು ನೋಡಲೇಬೇಕು. ರಕ್ತ ಕಂಡರೆ ಸೂಜಿ ಹೊರತೆಗೆದು, ಆ ಔಷಧವನ್ನು ಎಸೆದು, ಹೊಸ ಸಿರಿಂಜ್, ಹೊಸ ಔಷಧದಿಂದ ಮತ್ತೆ ಮೊದಲಿನಿಂದ. ಔಷಧ ದುಬಾರಿ ಎಂಬ ಕಾರಣಕ್ಕೆ ಇದರಲ್ಲಿ ರಾಜಿ ಬೇಡ.

ಔಷಧ ತಳ್ಳುವುದು 1 ಮಿ.ಲೀ.ಗೆ ಹತ್ತು ಸೆಕೆಂಡ್ ಲೆಕ್ಕದಲ್ಲಿ. ಮುಗಿದ ಮೇಲೂ ಹತ್ತು ಸೆಕೆಂಡ್ ಹಾಗೇ ನಿಲ್ಲಿ. ಆಮೇಲೆ ಸೂಜಿ ಹೊರಗೆ, ಆಗಲೇ ಎಳೆದ ಚರ್ಮವನ್ನು ಬಿಡಬೇಕು. ಚರ್ಮ ಮರಳಿ ತನ್ನ ಜಾಗಕ್ಕೆ ಬಂದಾಗ ಸೂಜಿಯ ದಾರಿ ಅಂಕುಡೊಂಕಾಗಿ ಮುಚ್ಚಿಕೊಳ್ಳುತ್ತದೆ, ಔಷಧ ಕೊಬ್ಬಿಗೆ ಸೋರುವುದಿಲ್ಲ. ಇದಕ್ಕೆ ಝಡ್ ಟ್ರ್ಯಾಕ್ ಎಂದು ಹೆಸರು.

ಇಷ್ಟರ ಮಧ್ಯೆ ರೋಗಿ “ಕಾಲಿಗೆ ಕರೆಂಟ್ ಹೊಡೆದ ಹಾಗಾಯ್ತು” ಎಂದರೆ, ಒಂದು ಹನಿ ಕೂಡ ಮುಂದೆ ತಳ್ಳದೆ ಸೂಜಿ ತೆಗೆಯಿರಿ. ಆ ಹುಡುಗನ ಮಾತನ್ನು ಆವತ್ತು ಯಾರೂ ಕೇಳಲಿಲ್ಲ.

ಚುಚ್ಚಿದ ಜಾಗವನ್ನು ಒಣಹತ್ತಿಯಿಂದ ಸುಮ್ಮನೆ ಒತ್ತಿ ಹಿಡಿದರೆ ಸಾಕು. ಗಸಗಸ ತಿಕ್ಕುವುದು ನಮ್ಮಲ್ಲಿ ಹಳೆಯ ರೂಢಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ‘ಅಂತರಾ’ ಗರ್ಭನಿರೋಧಕ ಚುಚ್ಚುಮದ್ದು ಹಾಕಿಸಿಕೊಂಡವರಂತೂ ತಿಕ್ಕಲೇಬಾರದು, ಬಿಸಿನೀರಿನ ಶಾಖವನ್ನೂ ಕೊಡಬಾರದು. ಮೂರು ತಿಂಗಳು ಸ್ವಲ್ಪಸ್ವಲ್ಪವಾಗಿ ಇಳಿಯಬೇಕಾದ ಔಷಧ ಬೇಗನೆ ಕರಗಿ, ರಕ್ಷಣೆಯ ಅವಧಿ ಕುಗ್ಗುತ್ತದೆ. ಮನೆಗೆ ಬಂದ ಸೊಸೆಗೆ ಪ್ರೀತಿಯಿಂದ ಅತ್ತೆ ಶಾಖ ಕೊಟ್ಟರೂ ಪರಿಣಾಮ ಅದೇ.

ಆಮೇಲಿನ ಅರ್ಧ ಗಂಟೆ

ಲಸಿಕೆಯಾಗಲಿ, ಪೆನಿಸಿಲಿನ್ ಆಗಲಿ, ಅರ್ಧ ಗಂಟೆ ಅಲ್ಲೇ ಕೂತಿರಿ. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ. ಹೆದರಿಕೆಯಿಂದ ತಲೆಸುತ್ತಿ ಬೀಳುವವರ ಮುಖ ಬಿಳಿಚುತ್ತದೆ, ನಾಡಿ ನಿಧಾನವಾಗುತ್ತದೆ. ಮಲಗಿಸಿ ಕಾಲು ಎತ್ತರಕ್ಕಿಟ್ಟರೆ ಕೆಲವು ನಿಮಿಷಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಅಲರ್ಜಿಯ ಆಘಾತ ಬೇರೆಯೇ. ಮೈಯೆಲ್ಲ ದದ್ದು, ತುಟಿ ನಾಲಿಗೆಗೆ ಊತ, ಉಸಿರಿಗೆ ಸುಯ್ಯನೆ ಸದ್ದು, ನಾಡಿ ಓಟ. ಆಗ ಮೊದಲ ಔಷಧ ಅಡ್ರಿನಲಿನ್, ಅದೂ ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ, ದೊಡ್ಡವರಿಗೆ 0.5 ಮಿ.ಗ್ರಾಂ. ಅಲರ್ಜಿ ಮಾತ್ರೆ ಕೊಟ್ಟು ಕಾಯುತ್ತ ಕೂರುವ ಹೊತ್ತಲ್ಲ ಅದು. ಅಡ್ರಿನಲಿನ್ ಇಟ್ಟುಕೊಳ್ಳದ ಜಾಗದಲ್ಲಿ ಸೂಜಿ ಹಾಕಬಾರದು, ಹಾಕಿಸಿಕೊಳ್ಳಬಾರದು.

ಒಂದೆರಡು ದಿನ ನೋವು, ಸ್ವಲ್ಪ ಗಡಸು ಸಹಜ. ದಿನ ಕಳೆದಂತೆ ಕೆಂಪು, ಬಿಸಿ, ಊತ ಹೆಚ್ಚುತ್ತ ಜ್ವರ ಬಂದರೆ ಕೀವು ಕಟ್ಟುತ್ತಿದೆ ಎಂದರ್ಥ. ಕಾಲು ಜೋಮು, ಪಾದ ಎತ್ತಲಾಗದಿರುವುದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸಂಗತಿ. ನೋವಿಗೆ ಡೈಕ್ಲೋಫೆನಾಕ್ ಸೂಜಿ ಹಾಕಿಸಿಕೊಂಡ ಮೇಲೆ ತಡೆಯಲಾರದ ನೋವಿನ ಜೊತೆ ಚರ್ಮ ಬಲೆಬಲೆಯಾಗಿ ನೀಲಿ, ಕಪ್ಪು ಬಣ್ಣಕ್ಕೆ ತಿರುಗಿದರೂ ತಡಮಾಡಬೇಡಿ. ಅಪರೂಪದ ಸ್ಥಿತಿ ಅದು, ಆದರೆ ಅಲ್ಲಿ ರಕ್ತ ಹರಿಯುವುದು ನಿಂತಿರುತ್ತದೆ.

ಆ ಸೂಜಿ ಎಲ್ಲಿ ಹೋಗುತ್ತದೆ

2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದು ಕಾರಣ. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗಾರ್‌ಮವು ಪ್ರದೇಶದಲ್ಲಿ ಹಲವರಿಗೆ ಎಚ್‌ಐವಿ ಇರುವುದು ಪತ್ತೆಯಾದಾಗ ಬೆರಳು ತೋರಿದ್ದು ಒಂದೇ ಸೂಜಿಯನ್ನು ಮನೆಮನೆಗೆ ಒಯ್ದವರ ಕಡೆಗೆ. ಸೂಜಿ ಮಾತ್ರ ಬದಲಿಸಿ ಸಿರಿಂಜ್ ಅದನ್ನೇ ಇಟ್ಟುಕೊಂಡರೂ ಇದೇ ಅಪಾಯ. ಕಣ್ಣಿಗೆ ಕಾಣದಷ್ಟು ರಕ್ತ ಸಿರಿಂಜಿನೊಳಕ್ಕೆ ಬಂದಿರುತ್ತದೆ. ಸರ್ಕಾರಿ ಲಸಿಕೆಗಳಲ್ಲಿ 2005ರಿಂದ ಒಮ್ಮೆ ಒತ್ತಿದರೆ ಮತ್ತೆ ಎಳೆಯಲಾಗದಂತೆ ತಾನೇ ಲಾಕ್ ಆಗುವ ಸಿರಿಂಜ್ ಬಂದಿದೆ. ಖಾಸಗಿ ಕ್ಲಿನಿಕ್ಕಿನಲ್ಲಿ ಆ ಖಾತರಿ ಇಲ್ಲ. ಆದ್ದರಿಂದ “ಪ್ಯಾಕೆಟ್ ನನ್ನೆದುರಿಗೇ ಒಡೀರಿ ಸಿಸ್ಟರ್” ಎಂದು ಕೇಳಿ. ಒಳ್ಳೆಯ ಸಿಸ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನಂತೂ ಹಾಗೆ ಕೇಳಿದವರನ್ನು ಕಂಡರೆ ಖುಷಿಪಡುತ್ತಿದ್ದೆ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ನರ್ಸ್‌ಗಳ ಬೆರಳಿಗೆ ಸೂಜಿ ಚುಚ್ಚಿಕೊಳ್ಳುವುದು ಎಷ್ಟೋ ಸಲ ಆ ಕ್ಷಣದಲ್ಲೇ. ಚುಚ್ಚಿಕೊಂಡರೆ ಹಿಂಡಬೇಡಿ, ಬಾಯಿಗಿಡಬೇಡಿ. ಸೋಪು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ಮೀರಿದರೆ ಪ್ರಯೋಜನವಿಲ್ಲ. ಆಸ್ಪತ್ರೆಗಳಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ, ಸೂಜಿಯಿಲ್ಲದ ಸಿರಿಂಜ್ ಕೆಂಪು ಚೀಲಕ್ಕೆ, ರಕ್ತದ ಹತ್ತಿ ಹಳದಿಗೆ, ಗಾಜಿನ ಬಾಟಲಿ ನೀಲಿಗೆ ಹೋಗುತ್ತವೆ.

ಮನೆಯಲ್ಲಿ ಅಂಥ ಏರ್ಪಾಡಿಲ್ಲ. ಬಿ12, ಇನ್ಸುಲಿನ್, ಮಗುವಿಗಾಗಿ ಚಿಕಿತ್ಸೆ ಪಡೆಯುವವರ ಹಾರ್ಮೋನ್ ಸೂಜಿಗಳು ದಿನಪತ್ರಿಕೆಯಲ್ಲಿ ಸುತ್ತಿಕೊಂಡು ಕಸದ ಬುಟ್ಟಿ ಸೇರುತ್ತವೆ. ಮರುದಿನ ಬೆಳಿಗ್ಗೆ ಆ ಕಸವನ್ನು ಬರಿಗೈಯಲ್ಲಿ ಬಿಡಿಸುವವರು ಪೌರಕಾರ್ಮಿಕರು. ಖಾಲಿಯಾದ ಫಿನಾಯಿಲ್ ಬಾಟಲಿಯಂಥ ಗಟ್ಟಿ ಪ್ಲಾಸ್ಟಿಕ್ ಬಾಟಲಿಯೊಂದನ್ನು ಮಕ್ಕಳ ಕೈಗೆಟುಕದ ಕಡೆ ಇಟ್ಟುಕೊಳ್ಳಿ. ಬಳಸಿದ ಕೂಡಲೇ ಸೂಜಿಯನ್ನು ಮುಚ್ಚಳ ಹಾಕದೆ ಅದರೊಳಗೆ ಬೀಳಿಸಿ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು, ಟೇಪ್ ಸುತ್ತಿ, ಮೇಲೆ ‘ಸೂಜಿ’ ಎಂದು ದಪ್ಪಕ್ಷರದಲ್ಲಿ ಬರೆದು, ಮುಂದಿನ ಸಲ ಆಸ್ಪತ್ರೆಗೋ ಆರೋಗ್ಯ ಕೇಂದ್ರಕ್ಕೋ ಹೋಗುವಾಗ ಔಷಧದ ಚೀಟಿಯ ಜೊತೆಗೆ ಅದನ್ನೂ ಒಯ್ದು, ಸಿಸ್ಟರ್ ಕೈಗೇ ಕೊಡಿ.